ಊಟದ ಬಿಡುವಿನಲ್ಲಿ ಒಂದು ಮೊಳೆ

ನಮ್ಮ ದೊಡ್ಡಪ್ಪನಿಗೆ ಬದುಕಿನಲ್ಲಿ ಶತ್ರು ಎಂದು ಇದ್ದದ್ದು ಒಂದೇ. ಅದು ನಾಲ್ಕಿಂಚಿನ ಒಂದು ಕಬ್ಬಿಣದ ಮೊಳೆ.

ದೊಡ್ಡಪ್ಪ ಒಂದು ದೊಡ್ಡ ಕಚೇರಿಯಲ್ಲಿ ರವಾನೆ ಗುಮಾಸ್ತರು. ಸಾಹೇಬರುಗಳು ಬರೆದದ್ದನ್ನೆಲ್ಲ ಲಕೋಟೆಗೆ ತುಂಬಿ, ಗೋಂದು ಹಚ್ಚಿ, ನಂಬರು ಹಾಕಿ ಅಂಚೆಗೆ ಕೊಡುವುದು ಅವರ ಕೆಲಸ. ಮೂರನೆಯ ಮಹಡಿಯ ಮೆಟ್ಟಿಲ ಹಿಂದೆ ಅವರ ಕೋಣೆ. ಅಲ್ಲಿ ಒಂದು ಮೇಜು, ಒಂದು ಗೋಂದಿನ ಡಬ್ಬಿ, ಒಂದು ಕಿಟಕಿ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಾಳಿ ಬೀಸಿ, ಮೇಜಿನ ಮೇಲಿದ್ದ ಕಾಗದವೊಂದು ಆ ಕಿಟಕಿಯಿಂದ ಹಾರಿ, ಕೆಳಗೆ ಕಾರಿಗಾಗಿ ಕಾಯುತ್ತಿದ್ದ ಆಗಿನ ಸಾಹೇಬರ ತಲೆಯ ಮೇಲೆ ಹೋಗಿ ಕೂತಿತು. ತೆಗೆದು ನೋಡಿದರೆ ಅವರದೇ ವರ್ಗಾವಣೆಯ ಆದೇಶ. ಅವರು ಹೊರಡುವ ಮುಂಚೆ ಮಾಡಿದ ಕೊನೆಯ ಘನಕಾರ್ಯವೆಂದರೆ ಆ ಕಿಟಕಿಗೆ ಮೊಳೆ ಹೊಡೆಸಿದ್ದು.

ಅಂದಿನಿಂದ ದೊಡ್ಡಪ್ಪನೂ ಗೋಂದಿನ ವಾಸನೆಯೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು. ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ಆದ್ದರಿಂದ ಫ್ಯಾನಿಲ್ಲ. ವರ್ಷ ಕಳೆದಂತೆ ಅವರ ಮೂಗು ಸೋತು ಶರಣಾಯಿತು. ಮನೆಯಲ್ಲಿ ದೊಡ್ಡಮ್ಮ ಏನೇ ಮಾಡಿ ಬಡಿಸಲಿ, ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, "ಗೋಂದು" ಎನ್ನುತ್ತಿದ್ದರು. ಮೂವತ್ತು ವರ್ಷ ಅಡಿಗೆ ಮಾಡಿ ಹಾಕಿದ ಹೆಂಗಸು ಇದನ್ನು ಸಹಿಸಿಕೊಂಡದ್ದೇ ಒಂದು ಪವಾಡ.

"ಇಕ್ಕಳ ತಗೊಂಡು ಹೋಗಿ ಕಿತ್ತು ಬಿಸಾಕಿ ಅಂತ ಎಷ್ಟು ಸಲ ಹೇಳೋದು ನಿಮಗೆ?" ಎಂದು ದೊಡ್ಡಮ್ಮ ಕೇಳುತ್ತಿದ್ದರು.

"ಮೊಳೆ ಕಚೇರೀದು. ಹೊಡೆಸಿದವರೇ ತೆಗೆಸ್ಬೇಕು," ಎಂದು ದೊಡ್ಡಪ್ಪ ಹೇಳುತ್ತಿದ್ದರು. "ನಾನು ಕಿತ್ತರೆ ಅದು ಧ್ವಂಸ. ಅವರು ಕಿತ್ತರೆ ಅದು ದುರಸ್ತಿ."

ಹೀಗಾಗಿ ಅವರು ಅಹವಾಲು ಬರೆದರು. ಕೆಳಮಹಡಿಯ ಹಜಾರದ ಬಾಗಿಲ ಪಕ್ಕದಲ್ಲಿ ಬೂದುಬಣ್ಣದ ಒಂದು ಅಹವಾಲು ಪೆಟ್ಟಿಗೆ ಇತ್ತು. ಹತ್ತೊಂಬತ್ತು ವರ್ಷದಲ್ಲಿ ದೊಡ್ಡಪ್ಪ ಅದರೊಳಗೆ ನಲವತ್ತೊಂದು ಅಹವಾಲು ಹಾಕಿದರು. ಐದು ಜನ ಸಾಹೇಬರು ಬಂದು ಹೋದರು. ಒಂದಕ್ಕೂ ಉತ್ತರ ಬರಲಿಲ್ಲ. ಊರಿಗೆಲ್ಲ ಉತ್ತರ ಅಂಟಿಸಿ ಕಳಿಸುವವನಿಗೆ ಒಂದು ಉತ್ತರವಿಲ್ಲ. ಆದರೂ ಅವರು ಯಾರನ್ನೂ ಬೈಯಲಿಲ್ಲ. "ಮೇಲಿನವರು ಓದ್ತಾ ಇದ್ದಾರೆ. ಯೋಚನೆ ಮಾಡ್ಬೇಕಲ್ಲ," ಎನ್ನುತ್ತಿದ್ದರು.

ನಾನು ಪದವಿ ಮುಗಿಸಿ, ಕೆಲಸ ಸಿಗದೆ ದೊಡ್ಡಪ್ಪನ ಮನೆಯಲ್ಲಿದ್ದ ಎರಡು ವರ್ಷ ಈ ಅಹವಾಲುಗಳನ್ನು ದುಂಡಗೆ ಬರೆದುಕೊಡುವ ಹೊಣೆ ನನ್ನ ಮೇಲೆ ಬಿದ್ದಿತ್ತು. ನಲವತ್ತೆರಡನೆಯದನ್ನು ಬರೆಯುವಾಗ ಅವರ ನಿವೃತ್ತಿಗೆ ಮೂರೇ ತಿಂಗಳು ಉಳಿದಿತ್ತು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕೊನೆಗೆ ಅವರು ಪೆನ್ನು ಹಿಡಿದಿದ್ದ ನನ್ನ ಕೈಯನ್ನು ನೋಡುತ್ತಾ, "ಹೋಗೋದ್ರೊಳಗೆ ಒಂದು ದಿನ, ಒಂದೇ ದಿನ, ಆ ಕಿಟಕಿ ತೆಗೆದು ಕೂತ್ಕೋಬೇಕು ಕಣಮ್ಮ. ಅದನ್ನ ಹೇಗೆ ಬರೀತೀಯೋ ಬರಿ," ಎಂದರು.

ನನಗೆ ಎದುರಿಗೆ ನಿಂತು ಮಾತಾಡಲು ಬರುವುದಿಲ್ಲ, ಕಾಗದದ ಮೇಲಾದರೆ ಬರುತ್ತದೆ. ನಾನು ಬರೆದೆ: "ಗಾಳಿಯು ಎಲ್ಲರಿಗೂ ಸೇರಿದ್ದು ಎಂದು ಶಾಲೆಯಲ್ಲಿ ಓದಿದ್ದೇನೆ. ನನ್ನ ಪಾಲಿನ ಗಾಳಿ ಯಾವ ವಿಳಾಸಕ್ಕೆ ರವಾನೆಯಾಗಿದೆ ಎಂದು ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥನೆ." ದೊಡ್ಡಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. ಮರುದಿನ ಎಂದಿನಂತೆ ಪಕ್ಕದಿಂದ ಕೈ ಚಾಚಿ ಪೆಟ್ಟಿಗೆಗೆ ಹಾಕಿ ಬಂದರು.

ಮುಂದಿನಿಂದ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪೆಟ್ಟಿಗೆಯ ಮುಂಭಾಗಕ್ಕೆ ಆ ವಾರವಷ್ಟೇ ಒಂದು ಹಳದಿ ಕಾಗದ ಅಂಟಿಸಿದ್ದರು. ಮುರಿದ ಕುರ್ಚಿ ಪೇರಿಸಿಟ್ಟಿದ್ದ ಆ ಹಜಾರವನ್ನು ಒಂದು ನಾಟಕ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಆರು ಗುರುವಾರ, ಮಧ್ಯಾಹ್ನ ಒಂದೂಕಾಲಿಗೆ, ಅರ್ಧ ಗಂಟೆಯ ಆರು ಹೊಸ ನಾಟಕ. ನೌಕರರು ಡಬ್ಬಿ ತಂದು, ಉಣ್ಣುತ್ತಾ ನೋಡಬಹುದು. "ಹೊಸ ಕಿರುನಾಟಕಗಳನ್ನು ಈ ಪೆಟ್ಟಿಗೆಗೆ ಹಾಕಿ" ಎಂಬುದು ಹಳದಿ ಕಾಗದದ ಒಕ್ಕಣೆ.

ಈ ವಿಷಯದ ಸುತ್ತೋಲೆಯ ಮುನ್ನೂರು ಪ್ರತಿಗಳನ್ನು ರವಾನಿಸಿದವರು ಸ್ವತಃ ದೊಡ್ಡಪ್ಪ. ಆದರೆ ರವಾನೆಯವನು ಓದಬಾರದು ಎಂಬುದು ಅವರ ವೃತ್ತಿಧರ್ಮ. ಬರೆಯುವವನದು ಒಂದು ಕಣ್ಣು, ಓದುವವನದು ಒಂದು ಕಣ್ಣು, ನಡುವಿನವನು ಕುರುಡನಾಗಿರಬೇಕು ಎನ್ನುತ್ತಿದ್ದರು. ಆ ಧರ್ಮವನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಇಡೀ ಕಟ್ಟಡದಲ್ಲಿ ನಾಟಕದ ಸುದ್ದಿ ತಿಳಿಯದ ಮನುಷ್ಯ ಅವರೊಬ್ಬರೇ.

ಹತ್ತು ದಿನಕ್ಕೆ ಉತ್ತರ ಬಂತು. ದೊಡ್ಡಪ್ಪ ಆ ಲಕೋಟೆಯನ್ನು ಬಿಚ್ಚದೆ ಮನೆಗೆ ತಂದು, ಕೈಕಾಲು ತೊಳೆದು, ದೊಡ್ಡಮ್ಮನನ್ನು ಕರೆದು ಕೂರಿಸಿ, ನನ್ನ ಕೈಗೆ ಕೊಟ್ಟರು. "ಓದು," ಎಂದರು.

ನಾನು ಓದಿದೆ. "ಮಾನ್ಯರೇ, ಪೆಟ್ಟಿಗೆಯಲ್ಲಿ ಸಿಕ್ಕ ನಿಮ್ಮ ಬರಹಗಳನ್ನೆಲ್ಲ ಒಂದೇ ಪಟ್ಟಿಗೆ ಕೂತು ಓದಿದೆವು. ಇಷ್ಟು ವರ್ಷ ನೀವು ಎಲ್ಲಿದ್ದಿರಿ?"

"ಎಲ್ಲಿರ್ತೀನಿ? ಮೂರನೇ ಮಹಡೀಲೇ ಇದ್ದೆ," ಎಂದರು ದೊಡ್ಡಪ್ಪ.

"ನಿಮ್ಮದನ್ನು ಮೂರನೆಯ ಗುರುವಾರಕ್ಕೆ ಆಯ್ಕೆ ಮಾಡಿದ್ದೇವೆ. ಅದರ ಹಿಂದಿನ ಮಂಗಳವಾರ ಸಂಜೆ ಹಜಾರಕ್ಕೆ ಬನ್ನಿ, ಮಾತಾಡೋಣ." ಕೆಳಗೆ ಒಂದು ಸಹಿ. ಮೇಲೆ ದಪ್ಪಕ್ಷರದಲ್ಲಿ, ಊಟದ ಬಿಡುವಿನ ನಾಟಕ ಮಾಲೆ.

"ದೊಡ್ಡಪ್ಪ, ಇದರಲ್ಲಿ ನಾಟಕ ಅಂತ ಇದೆಯಲ್ಲ," ಎಂದೆ.

"ಅದು ಅವರ ಸಂಸ್ಥೆ ಹೆಸರು. ಈಗ ಎಲ್ಲಾನೂ ಹೊರಗಿನವರಿಗೆ ಗುತ್ತಿಗೆ ಕಣಮ್ಮ. ಕಸ ಗುಡಿಸೋದು ಗುತ್ತಿಗೆ, ಕುಡಿಯೋ ನೀರು ಗುತ್ತಿಗೆ, ಬಾಗಿಲಲ್ಲಿ ಸಲಾಮು ಹೊಡೆಯೋನೂ ಗುತ್ತಿಗೆ. ಅಹವಾಲು ಕೇಳೋದನ್ನೂ ಕೊಟ್ಟಿದ್ದಾರೆ. ಯಾರೂ ಮುಂದೆ ಬಂದಿರಲ್ಲ, ನಾಟಕದೋರು ಬಂದಿರ್ತಾರೆ."

"ಯಾರಾದ್ರೆ ಏನು, ಕೇಳಿದ್ರಲ್ಲ," ಎಂದರು ದೊಡ್ಡಮ್ಮ.

ಸುದ್ದಿ ಬೀದಿಯಲ್ಲಿ ಹರಡಲು ಒಂದು ರಾತ್ರಿ ಸಾಕಾಯಿತು. ಬೆಳಿಗ್ಗೆ ಎದುರುಮನೆಯ ಟೈಲರ್ ಬಂದು ನಿಂತ. "ಯಜಮಾನ್ರೇ, ಹೇಗೂ ಹೋಗ್ತೀರಲ್ಲ, ನನ್ನದೂ ಒಂದು ಮಾತು ಹಾಕಿ. ಅಂಗಡಿ ಮುಂದಿನ ದೀಪದ ಕಂಬ ವಾಲಿದೆ. ವಾಲಿದ್ದು ಬೀಳೋದಾದ್ರೆ ಒಂದೇ ಸಲ ಬಿದ್ದುಬಿಡ್ಲಿ. ದಿನಾ ಕಾಯೋಕೆ ಆಗ್ತಿಲ್ಲ." ಅವನ ಹಿಂದೆ ದೊಡ್ಡಮ್ಮನ ಅಣ್ಣ ಬಂದರು. ಅವರಿಗೆ ಪಕ್ಕದ ಮನೆಯ ಕೋಳಿಯ ಮೇಲೆ ದೂರಿತ್ತು. ದೊಡ್ಡಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ. ಒಂದು ಹೊಸ ವಹಿ ತೆಗೆದು, ಗೆರೆ ಹಾಕಿ, ಎಲ್ಲಕ್ಕೂ ಕ್ರಮಸಂಖ್ಯೆ ಕೊಟ್ಟರು. ಕೋಳಿಗೆ ಏಳನೆಯ ನಂಬರು ಬಂತು.

ಕಚೇರಿಯಲ್ಲೂ ಜನ ಬಂದು ಕೈಕುಲುಕಿದರು. ಅವರ ಮೇಲಿನ ಸೂಪರಿಂಟೆಂಡೆಂಟರ ಮುಖ ಮಾತ್ರ ಸಪ್ಪಗಿತ್ತಂತೆ. ದೊಡ್ಡಪ್ಪ ಸಂಜೆ ಮನೆಗೆ ಬಂದು ಆ ಸಂಭಾಷಣೆಯನ್ನು ಮರುಕದಿಂದ ವರದಿ ಮಾಡಿದರು.

"ನಿಮ್ಮದು ಆಯ್ಕೆ ಆಯ್ತಂತೆ. ನಾನೂ ಒಂದು ಹಾಕಿದ್ದೆ. ಬರಲಿಲ್ಲ," ಎಂದಿದ್ದರು ಸೂಪರಿಂಟೆಂಡೆಂಟರು.

"ಅಯ್ಯೋ, ನಿಮ್ಮದೇನಿತ್ತು ಸಾರ್?"

"ಅಣ್ಣ ತಮ್ಮಂದಿರ ಜಗಳ. ಮನೆ ಭಾಗ ಆಗುತ್ತೆ. ಕೊನೇಲಿ ತಾಯಿ ಸಾಯ್ತಾಳೆ."

"ಹತ್ತು ವರ್ಷ ಒಟ್ಟಿಗಿದ್ದೀವಿ, ಒಂದು ಮಾತು ಹೇಳಲಿಲ್ಲವಲ್ಲ ಸಾರ್. ಯಾವಾಗ ಹೋದರು?"

"ಮೂರನೇ ಪುಟದಲ್ಲೇ ಹೋಗಿಬಿಡ್ತಾಳೆ. ಅದೇ ತಪ್ಪಾಯ್ತೋ ಏನೋ. ಇನ್ನೊಂಚೂರು ಎಳೀಬೇಕಿತ್ತು."

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ರು," ಎಂದು ದೊಡ್ಡಪ್ಪ ನಿಟ್ಟುಸಿರು ಬಿಟ್ಟು, ಅವರ ಹೆಸರನ್ನೂ ವಹಿಯಲ್ಲಿ ಬರೆದುಕೊಂಡರು.

ಮೊದಲ ಎರಡು ಗುರುವಾರ ತಂಡದವರೇ ಬರೆದ ನಾಟಕ ನಡೆಯಿತು. ದೊಡ್ಡಪ್ಪ ಎಂದಿನಂತೆ ತಮ್ಮ ಕೋಣೆಯಲ್ಲೇ ಡಬ್ಬಿ ಬಿಚ್ಚಿ ಕೂತಿದ್ದಾಗ ಕೆಳಗಿನಿಂದ ಚಪ್ಪಾಳೆ ಕೇಳಿಸಿತಂತೆ. "ಯಾರದೋ ಪಾಸಾಯ್ತು," ಎಂದುಕೊಂಡು ತುತ್ತು ಎತ್ತಿದರಂತೆ.

ಮಂಗಳವಾರ ಸಂಜೆ, ಅಹವಾಲು ಬರೆದವಳು ಎಂಬ ಕಾರಣಕ್ಕೆ, ನನ್ನನ್ನೂ ಹಜಾರಕ್ಕೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟಕೂಡಲೇ ಏಳೆಂಟು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿದ್ದ ಒಬ್ಬ ಯುವಕ ಓಡಿಬಂದು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡ. ಅವನೇ ನಿರ್ದೇಶಕ.

"ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಬರೀತಾ ಬಂದಿದ್ದೀರಲ್ಲ ಸರ್. ಒಂದೇ ವಸ್ತು, ನಲವತ್ತೆರಡು ಸಲ. ಎಂಥ ಹಟ. ಓದ್ತಾ ಓದ್ತಾ ನಗು ತಡೆಯೋಕಾಗ್ಲಿಲ್ಲ, ಆಮೇಲೆ ಒಂಥರಾ ಆಗೋಯ್ತು."

"ನನಗೂ ಹಾಗೇ ಆಗುತ್ತೆ," ಎಂದರು ದೊಡ್ಡಪ್ಪ.

ನಾನು ಮೇಜಿನ ಕಡೆ ನೋಡಿದೆ. ಅಲ್ಲಿ ನಲವತ್ತೆರಡು ಲಕೋಟೆಗಳು ಸಾಲಾಗಿದ್ದವು. ಮೊದಲಿನವು ಹಳದಿಯಾಗಿ ಅಂಚು ಸವೆದಿದ್ದವು. ಆದರೆ ಲಕೋಟೆ ಹರಿದ ಜಾಗ ಮಾತ್ರ ಎಲ್ಲದರಲ್ಲೂ ಬೆಳ್ಳಗೆ, ಹೊಸದಾಗಿ ಇತ್ತು. ಹತ್ತೊಂಬತ್ತು ವರ್ಷದ ಹಿಂದಿನದನ್ನೂ ಮೊನ್ನೆ ಮೊನ್ನೆ ಹರಿದಿದ್ದರು. ಪಕ್ಕದಲ್ಲಿ ಪೆಟ್ಟಿಗೆಯ ತುಕ್ಕು ಹಿಡಿದ ಬೀಗ ಎರಡು ಹೋಳಾಗಿ ಬಿದ್ದಿತ್ತು.

"ಹಳೇ ಕಡತ ಪೂರ್ತಿ ತರಿಸಿದ್ದಾರೆ, ನೋಡಿದ್ಯಾ?" ಎಂದು ದೊಡ್ಡಪ್ಪ ನನ್ನ ಕಿವಿಯಲ್ಲಿ ಹೇಳಿದರು. "ಖಾಸಗಿಯೋರು ಅಂದ್ರೆ ಖಾಸಗಿಯೋರಪ್ಪ."

"ಸರ್, ಗುಮಾಸ್ತನ ಭಾಗ ಯಾರು ಮಾಡೋದು ಅಂತ ಯೋಚಿಸ್ತಿದ್ವಿ," ಎಂದ ನಿರ್ದೇಶಕ.

"ನನ್ನ ವಿಷಯ ನಾನಲ್ದೆ ಇನ್ಯಾರು ಹೇಳ್ತಾರೆ?"

ತಂಡಕ್ಕೆ ತಂಡವೇ ಮತ್ತೆ ಚಪ್ಪಾಳೆ ತಟ್ಟಿತು. ಆ ಹೊತ್ತಿಗೆ ಅವರ ಬಡಗಿ ಹಲಗೆಯಲ್ಲಿ ಮಾಡಿದ ಒಂದು ಕಿಟಕಿಯನ್ನು ಹೊತ್ತು ತಂದು ವೇದಿಕೆಯ ಮೇಲೆ ನಿಲ್ಲಿಸಿದ. ಅದಕ್ಕೊಂದು ದೊಡ್ಡ ಥರ್ಮಕೋಲಿನ ಮೊಳೆ. ದೊಡ್ಡಪ್ಪ ಹತ್ತಿರ ಹೋಗಿ, ಗೇಣು ಹಾಕಿ ಅಳೆದು, "ಮೊಳೆ ಇಷ್ಟು ದಪ್ಪ ಇಲ್ಲ. ಮಿಕ್ಕಿದ್ದೆಲ್ಲ ಸರಿ. ಮಾದರಿ ಮಾಡಿಸಿ ಪರಿಶೀಲನೆ ಮಾಡ್ತಾರೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ," ಎಂದರು.

ಬಸ್ ನಿಲ್ದಾಣದಲ್ಲಿ ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವರು ನನ್ನ ಕಡೆ ತಿರುಗಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಮುಂಚೆ ನೋಡಿರಲಿಲ್ಲ. ಮೂರು ಸಲವೂ ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡೆ. "ನಿದ್ದೆ ಬರ್ತಿದೆಯಾ? ಸಂತೋಷ ಆದಾಗ ನನಗೂ ಹಾಗೇ," ಎಂದರು.

ಮನೆಗೆ ಬಂದು, ಅಡಿಗೆಮನೆಯಲ್ಲಿ, ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಅವರು ಒಲೆ ಆರಿಸಿದರು.

"ಅಂದ್ರೆ ಇಷ್ಟು ವರ್ಷ ಆ ಪೆಟ್ಟಿಗೇನ ಯಾರೂ ತೆಗೆದೇ ಇಲ್ಲ."

"ಇಲ್ಲ."

"ಅವರಿಗೆ ಹೇಳ್ಬೇಡ," ಎಂದರು. ಆಮೇಲೆ ಕೇಳಿದರು, "ದೊಡ್ಡ ಸಾಹೇಬ್ರು ಬರ್ತಾರಾ ಗುರುವಾರ?"

"ಮುಂದಿನ ಸಾಲಿನಲ್ಲೇ ಕೂರ್ತಾರಂತೆ."

"ಹಾಗಿದ್ರೆ ನಾಟಕವೋ ಗೀಟಕವೋ, ಕಿವಿಗೆ ಬೀಳುತ್ತಲ್ಲ. ಕಿವಿಗೆ ಬಿದ್ರೆ ಒಂದು ಮೊಳೆ ಕೀಳೋದು ಎಷ್ಟು ಹೊತ್ತು?"

ನನಗೂ ಅದು ಸರಿಯೆನಿಸಿತು. ಹೇಡಿಗಳಿಗೆ ಇಂಥ ವಾದಗಳು ಬೇಗ ಸರಿಯೆನಿಸುತ್ತವೆ.

ಗುರುವಾರ ಒಂದೂಕಾಲಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ನೂರು ಡಬ್ಬಿಗಳ ಮುಚ್ಚಳ ಒಟ್ಟಿಗೆ ಬಿಚ್ಚಿದ ಸದ್ದು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡು, ಚಮಚ ಹಿಡಿದು ಕೂತಿದ್ದರು. ಟೈಲರ್, ದೊಡ್ಡಮ್ಮನ ಅಣ್ಣ, ದೊಡ್ಡಮ್ಮ, ನಾನು ಕೊನೆಯ ಬೆಂಚಿನಲ್ಲಿ. ಇಸ್ತ್ರಿ ಮಾಡಿದ ಅಂಗಿಯಲ್ಲಿ ದೊಡ್ಡಪ್ಪ ಬಂದು, ವೇದಿಕೆಯ ಮೇಜಿನ ಹಿಂದೆ ನಿಂತು, ಕನ್ನಡಕ ಹಾಕಿಕೊಂಡು, "ವಿಷಯ: ಮೊಳೆಯನ್ನು ತೆಗೆಸುವ ಬಗ್ಗೆ," ಎಂದು ಓದಿದರು.

ನಗು ಶುರುವಾದದ್ದು ಆಗಲೇ.

ದೊಡ್ಡಪ್ಪ ನಿಲ್ಲಿಸಿದರು. ಸಭೆ ಶಾಂತವಾಗುವವರೆಗೆ ಗಂಭೀರವಾಗಿ ಕಾದರು. "ಉಲ್ಲೇಖ: ಇದೇ ವಿಷಯದ ಹಿಂದಿನ ನಲವತ್ತೊಂದು ಪತ್ರಗಳು," ಎಂದರು. ಮತ್ತೆ ನಗು. ಮತ್ತೆ ಕಾದರು. ನಿರ್ದೇಶಕ ಪರದೆಯ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ. ಇಂಥ ಹದವಾದ ವಿರಾಮ ಮೂವತ್ತು ವರ್ಷ ರಂಗದ ಮೇಲಿದ್ದವರಿಗೂ ಬರುವುದಿಲ್ಲವೆಂದು ಆಮೇಲೆ ಹೇಳಿದ. ಮೊಳೆ ಹೊಡೆದ ದಿನ, ವಾರ, ಗಂಟೆ ಹೇಳಿದರು, ಜನ ನಕ್ಕರು. ಅನ್ನ ಗೋಂದಾಗಿದೆ ಎಂದರು, ಒಬ್ಬನಿಗೆ ತುತ್ತು ನೆತ್ತಿಗೇರಿ ಬೆನ್ನು ತಟ್ಟಬೇಕಾಯಿತು. ಕೋಳಿಯ ಅಹವಾಲಿಗೆ ದೊಡ್ಡಮ್ಮನ ಅಣ್ಣನೇ ನಕ್ಕರು.

ಕೊನೆಗೆ ನನ್ನ ವಾಕ್ಯ ಬಂತು. ನನ್ನ ಪಾಲಿನ ಗಾಳಿ ಯಾವ ವಿಳಾಸಕ್ಕೆ ರವಾನೆಯಾಗಿದೆ. ಇಡೀ ಹಜಾರ ಬಿದ್ದು ಬಿದ್ದು ನಕ್ಕಿತು. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಜನರನ್ನು ನಗಿಸಿದ ಮಾತು ಅದಕ್ಕಿಂತ ಮುಂಚೆಯಾಗಲಿ ಆಮೇಲಾಗಲಿ ನಾನು ಬರೆದಿಲ್ಲ.

ಆಗ ದೊಡ್ಡಪ್ಪ ಕಾಗದ ಕೆಳಗಿಟ್ಟು ವೇದಿಕೆಯ ಅಂಚಿಗೆ ಬಂದರು. "ದೊಡ್ಡ ಸಾಹೇಬ್ರೇ, ನೀವೇ ಇದ್ದೀರಿ. ಒಂದು ಮಾತು ಹೇಳಿ," ಎಂದರು.

ಹಜಾರ ಗಪ್‌ಚಿಪ್ಪಾಯಿತು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದರು.

ಈ ನಾಟಕಗಳಲ್ಲಿ ಪ್ರೇಕ್ಷಕರನ್ನೂ ಎಳೆದುಕೊಳ್ಳುತ್ತಾರೆಂದು ದೊಡ್ಡ ಸಾಹೇಬರು ಎಲ್ಲೋ ಕೇಳಿದ್ದರು. ತಮ್ಮ ಸರದಿ ಬಂತೆಂದು ಎದ್ದು ನಿಂತು, ಬಾಯಿ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, "ತಮ್ಮ ಮನವಿ ಪರಿಶೀಲನೆಯಲ್ಲಿದೆ," ಎಂದರು.

ಚಾವಣಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಅದೇ ಸೂಚನೆಯೆಂದು ತಿಳಿದು ಬಡಗಿ ಥರ್ಮಕೋಲಿನ ಮೊಳೆಯನ್ನು ಹಿಂದಿನಿಂದ ದಾರ ಹಿಡಿದು ಎಳೆದ. ಹಲಗೆಯ ಕಿಟಕಿ ತಾನಾಗಿ ತೆರೆದುಕೊಂಡಿತು. ದೊಡ್ಡಪ್ಪ ತಿರುಗಿ ನೋಡಿದರು. ನಿಧಾನವಾಗಿ ನಡೆದು ಹೋಗಿ, ಒಂದು ಕೈಯನ್ನು ಬಾಗಿಲ ಮೇಲಿಟ್ಟು, ಮುಖವನ್ನು ಹೊರಗೆ ಚಾಚಿದರು. ಆಚೆ ಕಪ್ಪು ಪರದೆ ಇತ್ತು. ಒಂದಷ್ಟು ಹೊತ್ತು ಹಾಗೇ ನಿಂತು, ಆಮೇಲೆ ಸಭೆಯ ಕಡೆ ತಿರುಗಿ, ಮೆಲ್ಲಗೆ, "ಗೋಂದು," ಎಂದರು. ಆ ಪರದೆಯನ್ನು ಚೌಕಟ್ಟಿಗೆ ಅಂಟಿಸಿದ್ದು ಗೋಂದಿನಲ್ಲೇ.

ಸಭೆ ಎದ್ದು ನಿಂತಿತು. ಯಾರೋ ಒಂದು ಫೋಟೋ ತೆಗೆದರು.

ನಾಟಕ ಮುಗಿದ ಮೇಲೆ ದೊಡ್ಡ ಸಾಹೇಬರು ದೊಡ್ಡಪ್ಪನ ಬೆನ್ನು ತಟ್ಟಿದರು. "ಎಲ್ಲಿಂದ ಹೊಳೀತ್ರೀ ನಿಮಗೆ ಇದು? ಒಂದು ಮೊಳೆ ತೆಗೆಸೋಕೆ ಹತ್ತೊಂಬತ್ತು ವರ್ಷ. ಸ್ವಲ್ಪ ಅತಿಯಾಯ್ತು. ಆದರೆ ಹಾಸ್ಯ ಅಂದ್ರೆ ಅತೀನೇ ಅಲ್ವಾ."

"ಸಾರ್, ಮೊಳೆ ಮೂರನೇ ಮಹಡೀಲಿದೆ. ಬನ್ನಿ, ತೋರಿಸ್ತೀನಿ."

ಸಾಹೇಬರಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. "ನೋಡ್ರಪ್ಪ, ಇನ್ನೂ ಪಾತ್ರದಿಂದ ಆಚೆ ಬಂದಿಲ್ಲ," ಎಂದು ನಿರ್ದೇಶಕನಿಗೆ ಹೇಳಿ, ಉಳಿದ ಮೂರು ಗುರುವಾರವೂ ಇದನ್ನೇ ಆಡಿಸಬೇಕೆಂದು ಅಪ್ಪಣೆ ಕೊಟ್ಟು ಹೋದರು.

ಹಜಾರ ಖಾಲಿಯಾಯಿತು. ದೊಡ್ಡಪ್ಪ ಪೆಟ್ಟಿಗೆಯ ಮುಂದೆ ಬಂದು ನಿಂತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅದರ ಮುಂಭಾಗವನ್ನು ನೋಡಿದರು. ಹಳದಿ ಕಾಗದವನ್ನು ಮೇಲಿನಿಂದ ಕೆಳಗೆ ಓದಿದರು.

"ಇದನ್ನ ನಿಮಗಿಂತ ಮುಂಚೆ ಯಾರು ತೆಗೀತಿದ್ರು?" ಎಂದು ಅಲ್ಲೇ ಇದ್ದ ಬಡಗಿಯನ್ನು ಕೇಳಿದರು.

"ಯಾರೂ ಇಲ್ಲ ಯಜಮಾನ್ರೇ. ಬೀಗದ ಕೈ ಯಾರ ಹತ್ರಾನೂ ಇರ್ಲಿಲ್ಲ. ನಾನೇ ಒಡೆದಿದ್ದು. ಒಳಗೆ ನಿಮ್ಮ ಕಾಗದ, ಸೂಪರಿಂಟೆಂಡೆಂಟರದು ಒಂದು, ಆಮೇಲೆ ಒಂದು ಸತ್ತ ಹಲ್ಲಿ."

ದೊಡ್ಡಪ್ಪ ತಲೆಯಾಡಿಸಿದರು. ಬಸ್ಸಿನಿಂದ ಇಳಿಯುವಾಗ ಟೈಲರ್, "ನನ್ನ ಕಂಬದ ವಿಷಯ ಇನ್ನೊಂಚೂರು ಗಟ್ಟಿಯಾಗಿ ಓದಿದ್ರೆ ಇನ್ನೂ ನಗ್ತಿದ್ರು," ಎಂದ.

ಉಳಿದ ಮೂರು ಗುರುವಾರವೂ ದೊಡ್ಡಪ್ಪ ವೇದಿಕೆ ಹತ್ತಿದರು. ಯಾಕೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, "ಓದ್ತಾ ಇರ್ಬೇಕು. ಯಾರಿಗಾದ್ರೂ ಒಬ್ಬರಿಗೆ ನಗು ಬರದೇ ಇರಬಹುದು," ಎಂದರು. ಯಾರೂ ತಪ್ಪಲಿಲ್ಲ. ಎಲ್ಲರೂ ನಕ್ಕರು.

ಅವರ ಕಚೇರಿಯ ಕೊನೆಯ ದಿನ ನಾನೂ ಹೋಗಿದ್ದೆ. ಕೆಳಗೆ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು. ಅಷ್ಟರಲ್ಲಿ ರವಾನೆ ಕೋಣೆಗೆ ಒಂದು ಆದೇಶವೂ, ಗಾಜು ಹಾಕಿದ ಒಂದು ದೊಡ್ಡ ಚಿತ್ರವೂ ಬಂದವು. ಆದೇಶದ ಮೇಲೆ ದೊಡ್ಡಪ್ಪನ ಹೆಸರಿತ್ತು. ಅವರು ಅದನ್ನು ನನ್ನ ಕೈಗೆ ಕೊಟ್ಟು, "ಓದು," ಎಂದರು.

"ಸದರಿ ನೌಕರರ ಕಲಾಸೇವೆಯನ್ನು ಗೌರವಿಸಿ, ಅವರ ನಾಟಕದ ಭಾವಚಿತ್ರವನ್ನು ರವಾನೆ ಕೋಣೆಯಲ್ಲಿ ತೂಗುಹಾಕತಕ್ಕದ್ದು. ಗೋಡೆಗೆ ಹೊಸ ಮೊಳೆ ಹೊಡೆದು ಹಾನಿ ಮಾಡದೆ, ಕೋಣೆಯ ಪರಿಶೀಲನೆಯಲ್ಲಿ ಕಂಡುಬಂದಂತೆ ಕಿಟಕಿಯಲ್ಲಿ ಈಗಾಗಲೇ ಇರುವ ಮೊಳೆಯನ್ನೇ ಬಳಸತಕ್ಕದ್ದು. ಸದರಿ ಮೊಳೆಯನ್ನು ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ."

"ಉತ್ತರ ಬಂತು," ಎಂದರು ದೊಡ್ಡಪ್ಪ. ಅದನ್ನು ಒಳಬಂದ ಪತ್ರಗಳ ವಹಿಯಲ್ಲಿ ದಾಖಲಿಸಿ, ನಂಬರು ಹಾಕಿ, ಮಡಚಿ ಜೇಬಿನಲ್ಲಿಟ್ಟುಕೊಂಡರು.

ಚಿತ್ರದಲ್ಲಿ ಅವರು ತೆರೆದ ಕಿಟಕಿಯ ಮೇಲೆ ಕೈಯಿಟ್ಟು ನಿಂತಿದ್ದರು. ಅದನ್ನು ನಾನು ಎತ್ತಿ ಹಿಡಿದೆ. ಗಾಜಿನ ಭಾರ ತಡೆಯುತ್ತದೋ ಇಲ್ಲವೋ ನೋಡಲು ದೊಡ್ಡಪ್ಪ ಎರಡು ಬೆರಳಿನಿಂದ ಮೊಳೆಯನ್ನು ಅಲುಗಾಡಿಸಿದರು.

ಮೊಳೆ ಅವರ ಕೈಗೆ ಬಂತು.

ಎಳೆಯಲೂ ಇಲ್ಲ. ತುಕ್ಕು ತಿಂದು, ಮರ ಸಡಿಲಾಗಿ, ಅದು ಎಷ್ಟೋ ವರ್ಷದಿಂದ ಹಾಗೇ ಸುಮ್ಮನೆ ನಿಂತಿದ್ದಿರಬೇಕು. ಕಿಟಕಿಯ ಎರಡು ಬಾಗಿಲ ನಡುವೆ ಒಂದು ಗೆರೆಯಷ್ಟು ಬೆಳಕು ಬಂದು ಮೇಜಿನ ಮೇಲೆ ಬಿತ್ತು. ದೊಡ್ಡಪ್ಪ ಅಂಗೈಯಲ್ಲಿದ್ದ ಮೊಳೆಯನ್ನು ನೋಡಿದರು, ಬೆಳಕನ್ನು ನೋಡಿದರು. ಕೆಳಗಿನಿಂದ ಯಾರೋ ಅವರ ಹೆಸರು ಕೂಗಿದರು. ಅವರ ಇನ್ನೊಂದು ಕೈ ಜೇಬಿನ ಮೇಲೆ ಹೋಗಿ, ಅಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿತು.

ನಾನು ಚಿತ್ರವನ್ನು ಹಿಡಿದುಕೊಂಡೇ ನಿಂತಿದ್ದೆ. ಏನಾದರೂ ಹೇಳಬಹುದಿತ್ತು.

ದೊಡ್ಡಪ್ಪ ಗೋಂದಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊಳೆಯ ತುದಿಯನ್ನು ಅದರಲ್ಲಿ ಅದ್ದಿ, ಹಳೆಯ ತೂತಿಗೇ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಒಣಗುವವರೆಗೆ ಬೆರಳು ತೆಗೆಯಲಿಲ್ಲ.

"ಕೊಡು," ಎಂದು ಆಮೇಲೆ ಚಿತ್ರಕ್ಕೆ ಕೈ ಚಾಚಿದರು.